ಹೊಸಬರಿಗೊಂದು ಮೀನು

ಆ ಹೆಂಗಸು ಒಂದು ಮೀನಿನ ಬೆಲೆಯನ್ನೂ ಕೇಳಲಿಲ್ಲ. ಮಲ್ಲೇಶನಿಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅವನು ಬಣ್ಣದ ಮೀನಿನ ಅಂಗಡಿ ಇಟ್ಟು ವರ್ಷಗಳಾಗಿದ್ದವು. ಸಮುದ್ರದ ಮೀನು ತರಿಸತೊಡಗಿದ್ದು ಮಾತ್ರ ಈಚೆಗೆ. ಉಪ್ಪುನೀರಿನ ತೊಟ್ಟಿಯ ಮುಂದೆ ನಿಂತವರೆಲ್ಲ ಬೆಲೆ ಕೇಳಿ, ಹೌಹಾರಿ, ಗೋಲ್ಡ್‌ಫಿಶ್ ಕಡೆಗೆ ಹೊರಳುತ್ತಿದ್ದರು. ಈಕೆ ಸೆರಗನ್ನು ಬಿಗಿಯಾಗಿ ಹೊದ್ದು, ಆಗಾಗ ಬಾಗಿಲ ಕಡೆ ತಿರುಗಿ ನೋಡುತ್ತ ನಿಂತಿದ್ದಳು.

“ಮನೇಲಿ ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಆಗಿದೆ,” ಎಂದಳು. “ಹೊಸಬರಿಗೆ ಎಂಥ ಮೀನು ಕೊಡ್ತೀರಿ? ಎಲ್ಲರ ಮನೇಲಿ ಇರೋ ಥರದ್ದಲ್ಲ, ಅಪರೂಪದ್ದು.”

ಮಲ್ಲೇಶ ಹುರುಪಿನಿಂದ ಗೋಬಿ ಮೀನನ್ನು ತೋರಿಸಿದ. ಒಂದು ಸಿಗಡಿಯ ಜೊತೆ ಒಂದೇ ಬಿಲದಲ್ಲಿ ಬಾಳುವ ಪುಟ್ಟ ಮೀನು. ಸಿಗಡಿಗೆ ಕಣ್ಣು ಮಂದ. ಅದು ಬಿಲ ತೋಡುತ್ತದೆ, ಇದು ಬಾಗಿಲಲ್ಲಿ ಕೂತು ಕಾವಲು ಕಾಯುತ್ತದೆ.

“ಗಟ್ಟಿ ಜೀವ, ಯಾರ ತಂಟೆಗೂ ಹೋಗಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೇದಿಲ್ಲ ಮೇಡಂ.”

ಅವಳು ಅದರತ್ತ ನೋಡಲೂ ಇಲ್ಲ. “ಕಲ್ಲಿನ ಥರಾನೇ ಕಾಣೋ ಮೀನು ಇರುತ್ತಾ?”

“ಕಲ್ಲುಮೀನಾ? ಇರುತ್ತೆ. ಬೆನ್ನ ಮೇಲೆ ಮುಳ್ಳು, ಮುಳ್ಳಲ್ಲಿ ವಿಷ. ನಾನಂತೂ ಇಡಲ್ಲ. ಮದ್ರಾಸಲ್ಲಿ ಬೋಟಿನವರಿಗೆ ಹೇಳಿದ್ರೆ ತಂದ್ಕೊಡ್ತಾರೆ.”

“ಕಲ್ಲುಗಳ ಮಧ್ಯೆ ಕೂತಿದ್ರೆ ಗೊತ್ತಾಗಲ್ವಾ?”

“ನಂಗೇ ಗೊತ್ತಾಗಲ್ಲ. ಅದು ಅಲ್ಲಾಡೋದೇ ಅಪರೂಪ.”

“ತೊಟ್ಟಿ ತೊಳೆಯುವಾಗ ಕಲ್ಲನ್ನ ಒಂದೊಂದಾಗಿ ಬರಿಗೈಯಲ್ಲಿ ಎತ್ತಬೇಕಂತಲ್ಲ. ಆಗ ಚುಚ್ಚಿದ್ರೆ ಪ್ರಾಣ ಹೋಗುತ್ತಾ?”

“ಗಟ್ಟಿ ಆಳಾದ್ರೆ ಆಸ್ಪತ್ರೆ ಸೇರಿ ಬದುಕ್ಕೋಬಹುದು.”

“ಹಾರ್ಟ್ ವೀಕ್ ಇರೋರಾದ್ರೆ?”

ಗೋಬಿ ಹಿಡಿಯಲು ಎತ್ತಿಕೊಂಡಿದ್ದ ಬಲೆಯನ್ನು ಮಲ್ಲೇಶ ಪಕ್ಕಕ್ಕಿಟ್ಟ. “ಯಾರಿಗಿದೆ ಮೇಡಂ?”

“ಮನೇಲಿ ಒಬ್ರಿಗೆ.” ಅವಳ ದನಿ ಇಳಿಯಿತು. “ಡಾಕ್ಟರು ನೋಡಿ ಏನಂತಾರೆ? ಮೀನಿಂದ ಆಯ್ತು ಅಂತಾರಾ, ಹಾರ್ಟಿಂದ ಅಂತಾರಾ?”

“ಹಾರ್ಟಿಂದ ಅಂತಾನೇ ಅನ್ಕೊಳ್ತಾರೇನೋ,” ಎಂದುಬಿಟ್ಟ ಮಲ್ಲೇಶ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಹೆಂಗಸಿನ ಮುಖದಲ್ಲಿ ರಕ್ತವೇ ಇರಲಿಲ್ಲ. “ನೀವು ಎಲ್ಲಿಯವರು?” ಎಂದು ಕೇಳಿದ.

“ಭದ್ರಾವತಿ. ಹಾರ್ಡ್‌ವೇರ್ ಅಂಗಡಿ ಉಮಾಮಹೇಶ್ವರ ಅಂತ, ನಮ್ಮನೆಯವರು.” ಹೇಳಬಾರದಿತ್ತು ಎಂಬಂತೆ ತುಟಿ ಬಿಗಿದು, ಏನೂ ಕೊಳ್ಳದೆ ಹೊರಟುಹೋದಳು.

ಮನೆಯಲ್ಲಿ ಮಲ್ಲೇಶ ಊಟದ ತಟ್ಟೆಯನ್ನು ಸರಿಸಿದ. ಹೆಂಡತಿ ಸುಮನಾ ಎರಡು ಸಲ ಕೇಳಿದ ಮೇಲೆ ಎಲ್ಲ ಹೇಳಿದ.

“ಇನ್ನೊಬ್ಬರ ಸಂಸಾರ. ನಿಮಗ್ಯಾಕೆ ಬೇಕ್ರೀ?”

“ನಾಳೆ ಪೇಪರಲ್ಲಿ ಆ ಮನುಷ್ಯ ಹೋದ ಅಂತ ಬಂದ್ರೆ? ವಿಷದ ಪಾಠ ಹೇಳ್ಕೊಟ್ಟೋನು ನಾನೇ ಅಲ್ವೇನೇ?”

ಸುಮನಾ ಸೌಟನ್ನು ಸಾರಿನ ಪಾತ್ರೆಗೆ ಹಾಕಿದಳು. “ಹಾಗಾದ್ರೆ ಹೋಗಿ ಒಂದು ಮಾತು ಹೇಳಿ ಬನ್ನಿ. ಪಾಪ.”

ಭಾನುವಾರ ಅಂಗಡಿಗೆ ಬೀಗ ಹಾಕಿ ಅವನು ಭದ್ರಾವತಿಯ ಬಸ್ಸು ಹತ್ತಿದ. ಉಮಾಮಹೇಶ್ವರನ ಮನೆಯನ್ನು ಯಾರು ಬೇಕಾದರೂ ತೋರಿಸುವಂತಿದ್ದರು. ದಾರಿಯುದ್ದಕ್ಕೂ ಒಂದೇ ಚಿಂತೆ: ಆಕೆಯೇ ಬಾಗಿಲು ತೆಗೆದರೆ ಏನು ಹೇಳುವುದು?

ತೆಗೆದದ್ದು ಉಮಾಮಹೇಶ್ವರನೇ. ನಗುಮುಖದ ಮನುಷ್ಯ. ಹೊಸ್ತಿಲಲ್ಲಿದ್ದ ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲಿಗೇರಿಸಿ, ಅಡುಗೆಮನೆಯಲ್ಲಿಟ್ಟು ಬಂದ. “ಮನೆಯವಳು ಇಲ್ಲ, ನಾನೇ ಕಾಫಿ ಮಾಡ್ಬೇಕು,” ಎಂದು ಒಳಗೆ ಹೋಗಿ ಎರಡು ಲೋಟ ತಂದ. ಹಜಾರದ ಗೋಡೆಗೆ ಒತ್ತಿ ದೊಡ್ಡ ತೊಟ್ಟಿಯಿತ್ತು. ತಿಳಿಯಾದ ನೀರು, ಒಂದು ಜೊತೆ ಕ್ಲೌನ್ ಮೀನು, ತಳದಲ್ಲಿ ಕಲ್ಲಿನ ಗುಡ್ಡೆ.

ಆಕೆ ಇಲ್ಲವೆಂದು ಮಲ್ಲೇಶನಿಗೆ ಧೈರ್ಯ ಬಂತು. ಕೇಳಿದ್ದು, ಹೇಳಿದ್ದು, ಒಂದನ್ನೂ ಬಿಡದೆ ಒಪ್ಪಿಸಿದ. ಉಮಾಮಹೇಶ್ವರನ ಕಾಫಿಗೆ ಕೆನೆ ಕಟ್ಟಿತು.

“ಡಾಕ್ಟರಿಗೆ ಗೊತ್ತಾಗುತ್ತಾ ಅನ್ನೋದನ್ನೂ ಅವಳೇ ಕೇಳಿದ್ದಾ?”

“ಹೌದು ಸಾರ್. ನಾನು ಬಾಯ್ತಪ್ಪಿ ಉತ್ತರ ಕೊಟ್ಟೆ. ನಿಮ್ಮನೆಯವರ ಮೇಲೆ ಚಾಡಿ ಹೇಳೋಕೆ ಬಂದಿಲ್ಲ. ಆದ್ರೆ ನೀವು ಹುಷಾರಾಗಿರಿ. ಆ ತೊಟ್ಟಿಗೆ ಕೈ ಹಾಕ್ಬೇಡಿ. ಸಿಲಿಂಡರ್ ಗಿಲಿಂಡರ್ ಎತ್ತೋದೂ ಹಾರ್ಟಿಗೆ ಒಳ್ಳೇದಲ್ಲ.”

“ನನ್ನ ಹಾರ್ಟಿಗೇನಾಗಿದೆ?” ಉಮಾಮಹೇಶ್ವರ ಅಚ್ಚರಿಯಿಂದ ನೋಡಿದ. “ಕಾಯಿಲೆ ಇರೋದು ಅವಳಿಗೆ. ಮದುವೆಗೆ ಮುಂಚಿಂದಾನೇ ಇದೆ.”

ಮಲ್ಲೇಶ ಲೋಟವನ್ನು ಕೆಳಗಿಟ್ಟ. “ಮತ್ತೆ ಈ ತೊಟ್ಟಿ ತೊಳೆಯೋದು…?”

“ಅವಳೇ. ಹೊತ್ತು ಹೋಗಲಿ ಅಂತ ನಾನೇ ತಂದ್ಕೊಟ್ಟೆ. ಪಾಪ, ಏನೂ ಗೊತ್ತಿಲ್ಲದವಳು. ಮೀನು, ಕಲ್ಲು ಎಲ್ಲ ನಾನೇ ನೋಡಿ ಆರಿಸಿದ್ದು.”

ಮಲ್ಲೇಶನ ಕಣ್ಣು ತಾನಾಗಿ ತೊಟ್ಟಿಯ ತಳಕ್ಕೆ ಹೋಯಿತು. ಬೂದುಬಣ್ಣದ ಗುಡ್ಡೆಯ ಮೂಲೆಯಲ್ಲಿ ಪಾಚಿ ಹಿಡಿದ ಒಂದು ಕಲ್ಲು. ನೋಡನೋಡುತ್ತ ಅದರ ಪಕ್ಕೆ ಉಸಿರಾಡುವಂತೆ ಮೆಲ್ಲಗೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು.

ಆಕೆ ಅಂಗಡಿಗೆ ಕೊಳ್ಳಲು ಬಂದಿರಲೇ ಇಲ್ಲ.

“ಮೊನ್ನೆ ಇದ್ದಕ್ಕಿದ್ದಂತೆ ಶಿವಮೊಗ್ಗಕ್ಕೆ, ಅವಳ ಅಣ್ಣನ ಮನೆಗೆ ಹೋಗಿ ಕೂತಿದ್ದಾಳೆ,” ಎನ್ನುತ್ತ ಉಮಾಮಹೇಶ್ವರ ಎದ್ದು, ಗೋಡೆಯ ಮೊಳೆಯಿಂದ ಸ್ಕೂಟರಿನ ಕೀ ತೆಗೆದುಕೊಂಡ. ಮುಖದಲ್ಲಿ ಅದೇ ನಗು. “ಯಾಕೆ ಅಂತ ತಲೆ ಕೆಡಿಸ್ಕೊಂಡಿದ್ದೆ ಮಾರಾಯ್ರೆ.”

ಬಾಗಿಲಿಗೆ ಅಡ್ಡವಾಗಿ ನಿಂತು ಅವನು ಮೆಲ್ಲಗೆ ಹೇಳಿದ: “ಅವಳಿಗೆ ಗೊತ್ತಾಗಿಬಿಟ್ಟಿದೆ ಅಂತ ನೀವು ಬಂದು ಹೇಳದೇ ಇದ್ದಿದ್ರೆ ನಂಗೆ ತಿಳೀತಾನೇ ಇರ್ಲಿಲ್ಲ.”