ಎದುರು ಮನೆಯ ದೊಡ್ಡಪತ್ರೆ

"ಆಂಟಿ, ಹೋದ ವಾರ ಕೊಟ್ಟ ಎಲೆಯೆಲ್ಲ ನಿಮ್ಮ ಕಾಂಪೌಂಡಿಂದೇ ಅಲ್ವಾ?" ರಾಗಿಣಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು.

ಬಸವೇಶ್ವರನಗರದ ಅನಂತಲಕ್ಷ್ಮಿಯವರ ಕಾಂಪೌಂಡಿನಲ್ಲಿ ಹಬ್ಬಿದ ದೊಡ್ಡಪತ್ರೆಯೊಂದನ್ನೇ ನಂಬಿ ಅವಳು ಎರಡು ವರ್ಷದಿಂದ ಪಿಎಚ್‌ಡಿಗಾಗಿ ಎಣ್ಣೆ ಇಳಿಸುತ್ತಿದ್ದಳು. ಎಣ್ಣೆ ಹನಿಸಿದ ಜಾಗದ ಸುತ್ತ ಬ್ಯಾಕ್ಟೀರಿಯಾ ಸತ್ತು, ಪ್ರತಿ ಸಲವೂ ಹನ್ನೆರಡು ಮಿಲಿಮೀಟರಿನ ಖಾಲಿ ವೃತ್ತ ಮೂಡುತ್ತಿತ್ತು. ಈ ಸಲ ಇಪ್ಪತ್ತಾರು. ಎಣ್ಣೆಯಲ್ಲಿದ್ದ ರಾಸಾಯನಿಕಗಳೂ ಬೇರೆ. "ಇದೇ ಫಲಿತಾಂಶ ಇನ್ನೊಮ್ಮೆ ತೋರಿಸು, ಇಲ್ಲದಿದ್ದರೆ ಯಾರೂ ನಂಬಲ್ಲ" ಎಂದಿದ್ದರು ಗೈಡ್.

ಅನಂತಲಕ್ಷ್ಮಿ ನಕ್ಕರು. "ಎಲೆ ಸಾಲ್ದು ಅಂತ ಮುಖ ಸಪ್ಪಗೆ ಮಾಡ್ಕೊಂಡಿದ್ಯಲ್ಲೇ, ಅದಕ್ಕೇ ಮೂರು ಮನೇಲಿ ಕೇಳಿ ತಂದು ಸೇರಿಸ್ದೆ. ಹೇಳಿದ್ರೆ ಸಂಕೋಚ ಪಡ್ತೀಯ ಅಂತ ಸುಮ್ಮನಿದ್ದೆ."

ರಾಗಿಣಿ ಕೋಪ ತೋರಿಸದೆ ಕೇಳಿದಳು, "ಆ ಗಿಡಗಳು ಎಲ್ಲಿವೆ ಆಂಟಿ?"

"ಎರಡು ಮನೇದು ನಾನೇ ಕೊಟ್ಟ ಕಡ್ಡಿಯಿಂದ ಬೆಳೆದಿದ್ದು. ಎದುರು ಮನೆ ಯಶೋದಮ್ಮನದು ಮಾತ್ರ ಬೇರೆ, ತವರಿಂದ ತಂದಿದ್ದು, ಈಗ ಅಲ್ಲೂ ಆ ಗಿಡ ಇಲ್ವಂತೆ. ಓದೋ ಹುಡುಗಿಗೆ ಅಂದಿದ್ದಕ್ಕೆ ಪಾಪ, ಬುಡಸಮೇತ ಕಿತ್ತು ಕೊಟ್ರು. ಎಲೆ ಬಿಡಿಸೋ ಕಷ್ಟ ನಿನಗ್ಯಾಕೆ ಅಂತ ನಾನೇ ಬಿಡಿಸಿ, ಕಡ್ಡಿಯೆಲ್ಲ ಕಸದ ಗಾಡಿಗೆ ಹಾಕ್ದೆ."

ರಾಗಿಣಿ ತಿರುಗಿ ನೋಡಿದಳು. ಎದುರು ಮನೆಯ ಗೇಟಿನ ಪಕ್ಕ ಬರೀ ಕೆದಕಿದ ಮಣ್ಣಿತ್ತು. ಗೇಟಿನ ಹಿಂದೆ ನಿಂತಿದ್ದ ಯಶೋದಮ್ಮ ಅವಳನ್ನು ಕಂಡು ಮುಖವರಳಿಸಿ ಕೇಳಿದರು, "ಏನಮ್ಮ, ನಮ್ಮ ಎಲೆ ಉಪಯೋಗಕ್ಕೆ ಬಂತಾ?"

"ತುಂಬಾ ಬಂತು ಆಂಟಿ" ಎಂದಳು ರಾಗಿಣಿ.