ಪ್ರಾಜೆಕ್ಟಿಗೆ ಪೂರ್ಣ ಅಂಕ

ಪರಿಸರಕ್ಕೆ ಹೊರೆಯಾಗದಂತೆ ಕಂಪನಿ ನಡೆಸುವುದು ಹೇಗೆಂದು ವಿಶಾಲಾಕ್ಷಿ ಹನ್ನೊಂದು ವರ್ಷಗಳಿಂದ ಕಾಲೇಜಿನಲ್ಲಿ ಕಲಿಸುತ್ತಿದ್ದಳು, ಅತಿಥಿ ಉಪನ್ಯಾಸಕಿಯಾಗಿಯೇ. ಈ ಸಲವಾದರೂ ಕೆಲಸ ಕಾಯಂ ಆಗಬಹುದೆಂದು ಮೈಸೂರು ಸಿಲ್ಕ್ ಉಟ್ಟು ಪ್ರಾಂಶುಪಾಲರ ಎದುರು ಕುಳಿತಳು.

ಮೇಜಿನ ಮೇಲೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯಿತ್ತು: ‘ನಮ್ಮ ಕಾಲೇಜೇ ಒಂದು ಕಂಪನಿಯಾದರೆ ಏನೇನು ಉಳಿಸಬಹುದು?’

“ನಿಮ್ಮ ಪಾಠ ಹುಡುಗ್ರಿಗೆ ಚೆನ್ನಾಗಿ ನಾಟಿದೆ ಮೇಡಂ. ಐವತ್ತಕ್ಕೆ ಐವತ್ತು ಕೊಟ್ಟಿದ್ದೀರಿ. ಪೂರ್ತಿ ಓದಿದ್ರಿ ತಾನೆ?”

“ಅಯ್ಯೋ ಸರ್, ಓದದೆ ಕೊಡ್ತೀನಾ?”

ಹದಿನೈದು ವರದಿಗಳ ಮುಖಪುಟ ನೋಡಿ, ಎಲ್ಲದರ ಕೊನೆಯ ಪುಟದಡಿಯೂ ಅದೇ ಒಂದು ಷರಾ ಬರೆದು, ಕುಕ್ಕರ್ ಮೂರು ಸಲ ಕೂಗುವುದರೊಳಗೆ ಅವಳು ಮುಗಿಸಿದ್ದಳು.

“ಆಡಳಿತ ಮಂಡಳಿಯವರೂ ಒಪ್ಪಿದ್ದಾರೆ. ಮುಂದಿನ ತಿಂಗಳಿಂದ್ಲೇ ಜಾರಿ.”

“ತುಂಬಾ ಸಂತೋಷ ಸರ್. ಮತ್ತೆ, ನನ್ನ ಕಾಯಂ ವಿಷಯ...”

ಅವರು ಕೊನೆಯ ಪುಟ ತೆರೆದು ಅವಳತ್ತ ತಿರುಗಿಸಿದರು.

‘ವಿಶಾಲಾಕ್ಷಿ ಮೇಡಂ ಪ್ರತಿವರ್ಷ ಅದೇ ಪಾಠ ಹೇಳಲು ದಿನವೂ ಅರವತ್ತು ಕಿಲೋಮೀಟರ್ ಕಾರು ಓಡಿಸುತ್ತಾರೆ. ಒಮ್ಮೆ ವಿಡಿಯೊ ಮಾಡಿಟ್ಟುಕೊಂಡರೆ ಅಷ್ಟೂ ಪೆಟ್ರೋಲ್ ಉಳಿಯುತ್ತದೆ.’

ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳದೇ ಅಕ್ಷರವಿತ್ತು: ‘ಅತ್ಯುತ್ತಮ ಸಲಹೆ. ಕೂಡಲೇ ಜಾರಿಗೆ ತರಬೇಕು.’