ಟಿರ್ಜಾಳ ಜಟೆ

ಝಾಡೋಕ್ ತಾನೇ ಕತ್ತರಿ ತಂದು ಅತ್ತೆ ಐಸಿಲ್ಡಾಳ ಕೈಗೆ ಕೊಟ್ಟ. ಅವಳಿಗೆ ನಂಬಲಾಗಲಿಲ್ಲ. ಸೊಂಟದವರೆಗೆ ಜಟೆ ಬಿಟ್ಟ ರಾಸ್ತಾ ಪಂಥದವನು ಅವನು. ತಲೆಗೆ ಕತ್ತರಿ, ಬಾಚಣಿಗೆ ಮುಟ್ಟಿಸುವುದಿಲ್ಲವೆಂದು ದೇವರೆದುರು ಮಾತು ಕೊಟ್ಟವನು. ಮಗಳ ತಲೆಗೂ ಅದೇ ನೇಮ.

"ನಿಜವಾಗ್ಲೂ ಕೊಡ್ತಿದೀಯೇನೋ?"

"ಕೂದಲು ಹೋದ್ರೆ ಹೋಗ್ಲಿ ಅತ್ತೆ. ಮಗು ಒಂದು ಸಲ ಅಪ್ಪಾ ಅಂದ್ರೆ ಸಾಕು."

ಟಿರ್ಜಾಗೆ ನಾಲ್ಕು ತುಂಬಿತ್ತು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ದಿನಕ್ಕೊಂದು ಜಗಳ ಆಡಿಕೊಂಡು ಸಾಕಿದವರು ಇವರಿಬ್ಬರೇ. ಮಗುವಿನ ಕಿವಿ ಚುರುಕು, ನಗು ಜೋರು, ಮಾತು ಮಾತ್ರ ಇಲ್ಲ. ಕಿಂಗ್‌ಸ್ಟನ್ನಿನ ಡಾಕ್ಟರು ನಾಲಿಗೆ ನೋಡಿ, ಗಂಟಲು ನೋಡಿ, ಏನೂ ತೊಂದರೆಯಿಲ್ಲ, ಕಾಯಿರಿ ಎಂದಿದ್ದರು. ಕಾಯುವ ಕಷ್ಟ ಡಾಕ್ಟರಿಗೇನು ಗೊತ್ತು! ಕಳೆದ ಭಾನುವಾರ ಚರ್ಚಿನಲ್ಲಿ ಒಬ್ಬ ಮಹಾತಾಯಿ, "ತಲೆ ಮೇಲಿನ ಗಂಟೇ ನಾಲಿಗೆಗೂ ಬಿದ್ದಿದೆ, ಕತ್ತರಿಸು" ಎಂದು ಐಸಿಲ್ಡಾಳ ಕಿವಿಗೆ ಹಾಕಿದ್ದಳು. ಐಸಿಲ್ಡಾ ಅಳಿಯನ ಕಿವಿಗೆ ಹಾಕಿದಳು. ಅವನು ಮೂರು ದಿನ ಊಟ ಬಿಟ್ಟು ದೀವಿಹಲಸಿನ ಮರದ ಕೆಳಗೆ ಕೂತಿದ್ದು, ಇವತ್ತು ಎದ್ದು ಬಂದಿದ್ದ.

ಮಗುವನ್ನು ಜಗಲಿಯ ಮೇಲೆ ಕೂರಿಸಿದ್ದಾಯಿತು. ಐಸಿಲ್ಡಾ ಹೆಬ್ಬೆರಳು ದಪ್ಪದ ಒಂದು ಜಟೆಯನ್ನು ಹಿಡಿದಳು. ಕತ್ತರಿಯ ಕೈ ಮೇಲೇಳಲಿಲ್ಲ.

"ಏನಾಯ್ತು ಅತ್ತೆ?"

"ಮಾತು ಬರೋಕ್ಮುಂಚೆ ಮಗು ತಲೆಗೆ ಕತ್ತರಿ ಹಾಕಿದ್ರೆ ಆಮೇಲೆ ಮಾತೇ ಬರಲ್ವಂತೆ ಕಣೋ. ನಮ್ಮಜ್ಜಿ ಹೇಳ್ತಿದ್ಲು. ಜಮೈಕಾದಲ್ಲಿ ಯಾವ ಮುದುಕೀನ ಬೇಕಾದ್ರೂ ಕೇಳು."

"ಅಯ್ಯೋ! ಕತ್ತರಿಸು ಕತ್ತರಿಸು ಅಂತ ಮೂರು ದಿನ ನನ್ನ ತಲೆ ತಿಂದೋರು ನೀವೇ ಅಲ್ವಾ?"

"ತಿಂದೆ. ಹೆದರಿದೋಳಿಗೆ ಬುದ್ಧಿ ನೆಟ್ಟಗಿರುತ್ತೇನೋ?" ಐಸಿಲ್ಡಾ ಗೌನು ತೊಡುವ ಮುದುಕಿ, ಸೆರಗಿಲ್ಲದೆ ತೋಳಿನಿಂದಲೇ ಮೂಗೊರೆಸಿಕೊಂಡಳು. "ಆಗ್ಲಿ. ನೀನು ನಿನ್ನ ದೇವ್ರಿಗೆ ಕೊಟ್ಟ ಮಾತು ಮೀರ್ತಿದೀಯ. ನಾನು ನಮ್ಮಜ್ಜಿ ಮಾತು ಮೀರಕ್ಕಾಗಲ್ವಾ?"

ಅವಳು "ಯೇಸುವೇ" ಎಂದು ಕಣ್ಣು ಮುಚ್ಚಿದಳು. ಅವನು "ಜಾ, ತಪ್ಪಾಯ್ತು" ಎಂದು ತನ್ನ ದೇವರನ್ನು ಕರೆದು ಮುಖ ತಿರುಗಿಸಿದ. ಕತ್ತರಿ ಬಾಯಿ ತೆರೆಯಿತು.

"ಬೇಡ."

ಅತ್ತೆ ಅಳಿಯನ ಮುಖ ನೋಡಿದಳು, ಅಳಿಯ ಅತ್ತೆಯ ಮುಖ ನೋಡಿದ. ಇಬ್ಬರೂ ಬಾಯಿ ತೆರೆದಿರಲಿಲ್ಲ. ಟಿರ್ಜಾ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಅಜ್ಜಿಯನ್ನು ದುರುಗುಟ್ಟಿ ನೋಡುತ್ತಿದ್ದಳು.

"ಬೇಡ!" ಈ ಸಲ ಬೀದಿಗೇ ಕೇಳಿಸಿತು.

ಆರಡಿ ಆಳು ಝಾಡೋಕ್ ನೆಲಕ್ಕೆ ಕುಸಿದು ಮಗುವಿನಂತೆ ಅತ್ತ. ಐಸಿಲ್ಡಾ ಅತ್ತಳೋ ನಕ್ಕಳೋ, ಅಕ್ಕಪಕ್ಕದ ಮನೆಯವರೆಲ್ಲ ಓಡಿಬಂದರು. ಅವರಿಗೆಲ್ಲ ಹೇಳಿ ಮುಗಿಸಿ, ಸುಧಾರಿಸಿಕೊಂಡ ಮೇಲೆ ಝಾಡೋಕ್ ಪ್ರಾಮಾಣಿಕವಾಗಿಯೇ ಹೇಳಿದ: "ಮಾತು ಬಂತಲ್ಲ ಅತ್ತೆ. ನಿಮ್ಮಜ್ಜಿ ಮಾತಿನ ಪ್ರಕಾರ ಇನ್ನು ಕತ್ತರಿಸಬಹುದು."

"ಸುಮ್ನಿರೋ ಹುಚ್ಚಪ್ಪ!" ಐಸಿಲ್ಡಾ ಗದರಿದಳು. "ನಾಲ್ಕು ವರ್ಷ ಬೇಡಿ ಬೇಡಿ ಪಡೆದಿರೋದು ಇದೊಂದು ಮಾತು. ಇದನ್ನೂ ಮೀರ್ಲಾ?"